ಮಾತಾಡ್ಬೇಕಾ ಬೇಡ್ವಾ ಅಂತ ಕೇಳಿದ್ಯಲ್ಲ, ಅದಕ್ಕೆ ಈ ಪತ್ರ

ಪ್ರೀತಿಯ ಸಿಂಧು,

ಚೆನ್ನಾಗಿದೀಯಾ ಅಂತ ಕೇಳಲ್ಲ, ಹೇಗಿರ್ತೀಯ ಅಂತ ಗೊತ್ತು. ನಿನ್ನ ಮೆಸೇಜ್ ನೋಡಿದ ತಕ್ಷಣ ಫೋನ್ ಮಾಡೋಣ ಅಂದ್ಕೊಂಡೆ, ಆಮೇಲೆ ಬೇಡ ಅನ್ನಿಸ್ತು, ಫೋನಲ್ಲಿ ನೀನೂ ಅಳ್ತೀಯ ನಾನೂ ಅಳ್ತೀನಿ, ಹೇಳ್ಬೇಕಾದ್ದು ಹಾಗೇ ಉಳ್ಕೊಳ್ಳುತ್ತೆ, ಅದಕ್ಕೇ ಕೂತು ಟೈಪ್ ಮಾಡ್ತಾ ಇದೀನಿ. ಉದ್ದ ಆಗುತ್ತೆ ಕಣೇ, ಒಂದೇ ಸಲ ಓದಕ್ಕಾಗ್ದಿದ್ರೆ ಎರಡು ಸಲಕ್ಕೆ ಓದು.

ನಿನ್ನ ರೂಮ್‌ಮೇಟ್ ಹುಡುಗಿ ಹೋಗಿ ಇನ್ನೂ ವರ್ಷ ತುಂಬಿಲ್ಲ. ಅಂಗಡಿ ಪಾರ್ಕಿಂಗ್‌ನಲ್ಲಿ ಯಾರೋ ಇಬ್ಬರ ಜಗಳ, ಅವಳಿಗೂ ಅದಕ್ಕೂ ಸಂಬಂಧವೇ ಇಲ್ಲ, ಗುಂಡು ಮಾತ್ರ ಅವಳಿಗೆ. ಈಗ ಅವರಮ್ಮ ನಿಂಗೆ ಫೋನ್ ಮಾಡಿ, ಸ್ಟೇಟ್ ಕ್ಯಾಪಿಟಲ್‌ನಲ್ಲಿ, ಅಂದ್ರೆ ನಿಮ್ಮ ರಾಜ್ಯದ ವಿಧಾನಸೌಧದಲ್ಲಿ, ಗನ್‌ಗೆ ಕಡಿವಾಣ ಹಾಕೋ ಬಿಲ್ ಮೇಲೆ ಕಮಿಟಿ ಹಿಯರಿಂಗ್ ಇದೆ, ನೀನೂ ಬಂದು ಎರಡು ನಿಮಿಷ ಮಾತಾಡ್ತೀಯಾ ಅಂತ ಕೇಳಿದ್ದಾರೆ, ಹೂಂ ಅನ್ನಕ್ಕೂ ಆಗ್ದೆ ಊಹೂಂ ಅನ್ನಕ್ಕೂ ಆಗ್ದೆ ನೀನು ನನ್ನ ಕೇಳಿದೀಯ. ನಿಮ್ಮಪ್ಪನ್ನ ಕೇಳಿದ್ರೆ "ನಮಗ್ಯಾಕೆ ಆ ದೇಶದ ರಾಜಕೀಯ, ಸುಮ್ನೆ ಕೆಲಸ ನೋಡ್ಕೊ" ಅಂತಾನೆ ಅಂತ ನಿಂಗೂ ಗೊತ್ತು ನಂಗೂ ಗೊತ್ತು, ಅದಕ್ಕೇ ಅತ್ತೆ ನೆನಪಾಗಿದ್ದು. ಇರಲಿ.

ಮೊದಲು, ಗ್ರೀನ್ ಕಾರ್ಡ್ ಮೇಲಿರೋಳು ಹೋಗಿ ಮಾತಾಡಿದ್ರೆ ತೊಂದ್ರೆ ಆಗುತ್ತಾ ಅಂತ ನಿಂಗಿರೋ ಹೆದರಿಕೆ ವಿಷ್ಯ ಮುಗಿಸಿಬಿಡ್ತೀನಿ. ಕಮಿಟಿ ಮುಂದೆ ಮಾತಾಡೋಕೆ ಸಿಟಿಜನ್ ಆಗಿರ್ಲೇಬೇಕು ಅಂತೇನಿಲ್ಲ, ಆ ಊರಲ್ಲಿ ಬದುಕ್ತಾ ಇರೋರು ತಮ್ಮ ಮಾತು ಹೇಳಬಹುದು. ವೋಟು ಹಾಕಂಗಿಲ್ಲ, ಅಷ್ಟೇ. ಅಲ್ಲಿ ಹೊರಗಡೆ ಮೇಜು ಹಾಕ್ಕೊಂಡು ವೋಟರ್ ರಿಜಿಸ್ಟ್ರೇಷನ್ ಫಾರಂ ಹಿಡ್ಕೊಂಡು ಹುಡುಗ್ರು ನಿಂತಿರ್ತಾರೆ, ನಗ್ತಾ ನಗ್ತಾ ಕೈಗೆ ಪೆನ್ ಕೊಡ್ತಾರೆ, ಅಪ್ಪಿತಪ್ಪಿಯೂ ಸೈನ್ ಮಾಡ್ಬೇಡ, ಸಿಟಿಜನ್ ಅಲ್ದೇ ಇರೋರು ಗೊತ್ತಿಲ್ದೆ ಸೈನ್ ಹಾಕಿ ಮುಂದೆ ಸಿಟಿಜನ್‌ಶಿಪ್ ಇಂಟರ್‌ವ್ಯೂನಲ್ಲಿ ಒದ್ದಾಡಿದ್ದಾರೆ. ಈಗಿನ ಕಾಲ ಬೇರೆ ಸರಿ ಇಲ್ಲ, ನಿಮ್ಮ ಇಮಿಗ್ರೇಷನ್ ಲಾಯರ್‌ಗೆ ಒಂದು ಮಾತು ಕೇಳಿ ಇಟ್ಕೋ. ಇಷ್ಟಾದ್ಮೇಲೆ ಆ ಹೆದರಿಕೆ ಪಕ್ಕಕ್ಕಿಡು.

ನೀನು ನಿಜವಾಗಿ ಕೇಳಿದ್ದು ಬೇರೆ. ನಾನು ಹೋಗಿ ಅವಳ ಕಥೆ ಹೇಳಿದ್ರೆ ಏನಾದ್ರೂ ಬದಲಾಗುತ್ತಾ, ಅಥವಾ ಅವಳ ಸಾವನ್ನ ನಾವೇ ಮೆರವಣಿಗೆ ಮಾಡ್ದಂಗಾಗುತ್ತಾ ಅಂತ. ಇದಕ್ಕೆ ನನ್ನತ್ರ ಒಂದೇ ಸಾಲಿನ ಉತ್ತರ ಇಲ್ಲ. ಆದ್ರೆ ಇಷ್ಟು ವರ್ಷ ಈ ಅಮೆರಿಕದಲ್ಲಿ ಕೂತು ನಾನು ನೋಡಿದ ಕೆಲವರ ಕಥೆ ಇದೆ, ಅದನ್ನ ಹೇಳ್ತೀನಿ.

ನಾನು ಆಗ ಮ್ಯಾನ್‌ಹ್ಯಾಟನ್‌ನಲ್ಲಿ ಅಕೌಂಟ್ಸ್ ಕೆಲಸ, ಮನೆ ನ್ಯೂಯಾರ್ಕ್ ಹೊರಗಿನ ಹಿಕ್ಸ್‌ವಿಲ್‌ನಲ್ಲಿ. ಈಗಿನ ಹಿಕ್ಸ್‌ವಿಲ್ ಥರ ಕಾಲಿಟ್ಟಲ್ಲೆಲ್ಲಾ ದೋಸೆ ಹೋಟ್ಲು ಇರ್ಲಿಲ್ಲ. ಸಂಜೆ ಪೆನ್ ಸ್ಟೇಷನ್‌ನಿಂದ ಲಾಂಗ್ ಐಲ್ಯಾಂಡ್ ರೈಲ್ ರೋಡ್ ಹಿಡಿದ್ರೆ ದಿನಾ ಅದೇ ಮುಖಗಳು, ಒಬ್ರ ಹೆಸರೂ ಗೊತ್ತಿರಲ್ಲ, ಆದ್ರೆ ಯಾರು ಯಾವ ಸೀಟು, ಯಾರು ಜಮೈಕಾ ಸ್ಟೇಷನ್ ದಾಟೋ ಮುಂಚೆ ನಿದ್ದೆ ಹೋಗ್ತಾರೆ, ಯಾರು ಪೇಪರ್ ಮಡಚಿ ಮಡಚಿ ಅಂಗೈಯಗಲ ಮಾಡ್ಕೊಂಡು ಓದ್ತಾರೆ ಎಲ್ಲಾ ಗೊತ್ತು. 1993ರ ಡಿಸೆಂಬರ್ 7, ಸಂಜೆ 5:33ರ ಹಿಕ್ಸ್‌ವಿಲ್ ಗಾಡಿ, ಮೂರನೇ ಬೋಗಿ. ಮೆರಿಲನ್ ಅವೆನ್ಯೂ ಸ್ಟೇಷನ್ ಹತ್ರ ಬರ್ತಾ ಇದ್ದಂಗೆ ಒಬ್ಬ ಎದ್ದು ಸಾಲಾಗಿ ಗುಂಡು ಹಾರಿಸ್ಕೊಂಡು ಬಂದ. 6 ಜನ ಸತ್ರು, 19 ಜನಕ್ಕೆ ಗಾಯ. ಅವನು ಮತ್ತೆ ಗುಂಡು ತುಂಬಿಸ್ಕೊಳ್ತಿರುವಾಗ ಮೂರು ಜನ ಪ್ಯಾಸೆಂಜರ್‌ಗಳು ಮೇಲೆ ಬಿದ್ದು ಹಿಡಿದ್ರು, ಅದನ್ನ ನೆನಪಿಟ್ಕೋ, ಮುಂದೆ ಬೇಕಾಗುತ್ತೆ. ನಾನು ಆ ಗಾಡೀಲಿ ಇರ್ಲಿಲ್ಲ. ಆದ್ರೆ ಅದಾದ್ಮೇಲೆ ಎಷ್ಟೋ ದಿನ ಬೋಗಿಯಲ್ಲಿ ಯಾರಾದ್ರೂ ಬ್ಯಾಗಿನ ಜಿಪ್ ಎಳೆದ್ರೆ ಅಷ್ಟೂ ಜನ ತಲೆ ಎತ್ತಿ ನೋಡೋರು, ನೋಡಿ ಮತ್ತೆ ಏನೂ ಆಗ್ದಂಗೆ ಪೇಪರ್‌ಗೆ ಮುಖ ಇಡೋರು.

ಆ ಗಾಡೀಲಿ ಒಬ್ಬ ಅಪ್ಪ ಮಗ ಇದ್ರು. ಅಪ್ಪ ಡೆನಿಸ್ ಮೆಕಾರ್ಥಿ ಸತ್ರು, ಮಗ ಕೆವಿನ್‌ಗೆ ತಲೆಗೆ ಗುಂಡು ಬಿದ್ದು ಹೇಗೋ ಉಳ್ಕೊಂಡ, ಆದ್ರೆ ದೇಹದ ಒಂದು ಭಾಗ ಸ್ವಾಧೀನ ತಪ್ಪಿತ್ತು. ಮನೇಲಿದ್ದ ಹೆಂಗಸು ಕ್ಯಾರೊಲಿನ್ ಮೆಕಾರ್ಥಿ, ಮಿನಿಯೋಲದವರು, ನರ್ಸ್. ಗಂಡನ್ನ ಮಣ್ಣು ಮಾಡಿ ಮಗನ್ನ ಎಬ್ಬಿಸಿ ನಿಲ್ಲಿಸೋದೇ ಅವರ ಕೆಲಸ ಆಯ್ತು. ಇಷ್ಟೂ ಸಾಲ್ದು ಅಂತ, ಕೊಂದವನು ಲಾಯರ್ ಬೇಡ ನಾನೇ ವಾದ ಮಾಡ್ತೀನಿ ಅಂತ ಹಟ ಹಿಡಿದು, ಕೋರ್ಟ್‌ನಲ್ಲಿ ತಾನು ಗುಂಡು ಹೊಡೆದೋರನ್ನೇ ನಿಲ್ಲಿಸಿ ಪ್ರಶ್ನೆ ಕೇಳಿದ. ಟಿವಿನಲ್ಲಿ ನೋಡಕ್ಕಾಗ್ತಿರ್ಲಿಲ್ಲ ಕಣೇ.

1994ರಲ್ಲಿ ಕ್ಲಿಂಟನ್ ಸರ್ಕಾರ ಅಸಾಲ್ಟ್ ವೆಪನ್ ಅಂದ್ರೆ ಯುದ್ಧದ ಥರದ ಬಂದೂಕುಗಳ ಬ್ಯಾನ್ ತಂತು, ಅದರಲ್ಲೇ ಒಂದು ಮ್ಯಾಗಜೀನ್‌ನಲ್ಲಿ, ಅಂದ್ರೆ ಗನ್‌ಗೆ ಸಿಕ್ಕಿಸೋ ಗುಂಡಿನ ಡಬ್ಬೀಲಿ, 10ಕ್ಕಿಂತ ಹೆಚ್ಚು ಗುಂಡು ಇರಬಾರ್ದು ಅಂತಾನೂ ಇತ್ತು. 1996ರಲ್ಲಿ ಅದನ್ನ ತೆಗೆದು ಹಾಕೋಕೆ ಹೌಸ್‌ನಲ್ಲಿ, ಅಂದ್ರೆ ಇಲ್ಲಿನ ಲೋಕಸಭೇಲಿ, ವೋಟಿಗೆ ಹಾಕಿದ್ರು, ಕ್ಯಾರೊಲಿನ್ ಅವರ ಏರಿಯಾದ ಕಾಂಗ್ರೆಸ್‌ಮನ್ (ನಮ್ಮ ಎಂಪಿ ಇದ್ದಂಗೆ) ಡ್ಯಾನ್ ಫ್ರಿಸಾ ತೆಗೀಬೇಕು ಅಂತ ವೋಟ್ ಹಾಕಿದ್ರು. ಈಯಮ್ಮ ಆವರೆಗೂ ಅವರದೇ ರಿಪಬ್ಲಿಕನ್ ಪಾರ್ಟಿಯೋರು. ಕೋಪ ಬಂದು ಡೆಮಾಕ್ರಾಟ್ ಟಿಕೆಟ್‌ನಲ್ಲಿ ನಿಂತ್ರು, ಆ ನವೆಂಬರ್‌ನಲ್ಲಿ ಗೆದ್ದೇಬಿಟ್ರು. ರಾಜಕೀಯ ಗೊತ್ತಿಲ್ಲದ ನರ್ಸ್ ಒಬ್ರು ಹಾಲಿ ಕಾಂಗ್ರೆಸ್‌ಮನ್ನನ್ನ ಸೋಲಿಸಿದ್ರು ಅಂತ ನಮ್ಮ ಟ್ರೈನಲ್ಲೆಲ್ಲಾ ಅದೇ ಮಾತು.

ಕಥೆ ಇಲ್ಲಿಗೇ ನಿಂತಿದ್ರೆ ನಿಂಗೆ "ಹೋಗು, ಮಾತಾಡು, ಗೆದ್ದು ಬಾ" ಅಂತ ಬರೆದು ಮುಗಿಸ್ತಿದ್ದೆ. ಆದ್ರೆ ಅದೇ 1996ರ ನವೆಂಬರ್‌ನಲ್ಲಿ ಟೆಕ್ಸಸ್‌ನಲ್ಲೂ ಒಬ್ಬಳು ಹೆಂಗಸು ಗೆದ್ಲು, ಅವಳ ಕಥೆ ನಿಂಗೆ ಯಾರೂ ಹೇಳಿರಲ್ಲ, ಯಾಕಂದ್ರೆ ನಿನ್ನ ಸುತ್ತ ಇರೋರೆಲ್ಲಾ ಒಂದೇ ಕಡೆಯೋರು.

ಸುಝಾನಾ ಗ್ರೇಷಿಯಾ ಹಪ್ ಅಂತ. 1991ರ ಅಕ್ಟೋಬರ್ 16, ಕಿಲೀನ್ ಅನ್ನೋ ಊರಿನ ಲೂಬೀಸ್ ಕೆಫೆಟೇರಿಯಾದಲ್ಲಿ ಅಪ್ಪ ಅಮ್ಮನ ಜೊತೆ ಊಟಕ್ಕೆ ಕೂತಿದ್ಲು. ಒಬ್ಬ ಪಿಕಪ್ ಟ್ರಕ್ಕನ್ನ ಗಾಜಿನ ಗೋಡೆ ಒಡ್ಕೊಂಡು ಒಳಗೇ ನುಗ್ಗಿಸಿ ಇಳಿದು ಗುಂಡು ಹಾರಿಸೋಕೆ ಶುರು ಮಾಡ್ದ. ಇವಳ ಹತ್ರ ರಿವಾಲ್ವರ್ ಇತ್ತು, ಆದ್ರೆ ಕಾರಲ್ಲಿತ್ತು, ಆಗಿನ ಟೆಕ್ಸಸ್ ಕಾನೂನಿನಲ್ಲಿ ಜೊತೆಗೆ ಇಟ್ಕೊಂಡು ಓಡಾಡಂಗಿರ್ಲಿಲ್ಲ, ಸಿಕ್ಕಿಬಿದ್ರೆ ಬೆನ್ನುಮೂಳೆ ಸರಿ ಮಾಡೋ ತನ್ನ ಕೈರೊಪ್ರಾಕ್ಟರ್ ಕೆಲಸದ ಲೈಸೆನ್ಸೇ ಹೋಗುತ್ತೆ ಅಂತ ಕಾರಲ್ಲೇ ಬಿಟ್ಟಿದ್ಲು. ಅಪ್ಪ ಅವನ ಮೇಲೆ ನುಗ್ಗಿ ಗುಂಡು ತಿಂದ್ರು. ಇವಳು ಕಿಟಕಿಯಿಂದ ಹೊರಗೆ ಹಾರಿದ್ಲು, ಅಮ್ಮನೂ ಹಿಂದೆ ಬರ್ತಿದ್ದಾಳೆ ಅಂದ್ಕೊಂಡಿದ್ಲು, ಅಮ್ಮ ಗಂಡನ ಹತ್ರ ವಾಪಸ್ ಹೋಗಿ ಕೂತಿದ್ರು, ಅಲ್ಲೇ ಅವರನ್ನೂ ಕೊಂದ. ಒಟ್ಟು 23 ಜನ. ಅವತ್ತು ಗನ್ ನನ್ನ ಪರ್ಸ್‌ನಲ್ಲಿ ಇದ್ದಿದ್ರೆ ಅಂತ ಅವಳು ಊರೂರು ಸುತ್ತಿ, ಕಮಿಟಿ ಕಮಿಟಿಗೂ ಹೋಗಿ ಹೇಳಿದ್ಲು, ವಾಷಿಂಗ್ಟನ್‌ಗೂ ಹೋಗಿ ಹೇಳಿದ್ಲು. 1995ರಲ್ಲಿ ಟೆಕ್ಸಸ್ ಲೈಸೆನ್ಸ್ ತಗೊಂಡು ಗನ್ ಇಟ್ಕೊಂಡು ಓಡಾಡಬಹುದು ಅಂತ ಕಾನೂನು ಮಾಡ್ತು, ಆಗಿನ ಗವರ್ನರ್ ಜಾರ್ಜ್ ಬುಷ್ ಸೈನ್ ಹಾಕಿದ್ರು. ಮಾರನೇ ವರ್ಷ ಅವಳೇ ಟೆಕ್ಸಸ್ ಹೌಸ್‌ಗೆ, ಅಂದ್ರೆ ಆ ರಾಜ್ಯದ ವಿಧಾನಸಭೆಗೆ, ಎಲೆಕ್ಟ್ ಆದ್ಲು.

ಈಗ ಹೇಳು, ಇವರಿಬ್ರಲ್ಲಿ ಯಾರ ದುಃಖ ಕಮ್ಮಿ? ನಂಗೆ ಇವತ್ತಿಗೂ ಮೆಕಾರ್ಥಿ ಹೇಳಿದ್ದೇ ಸರಿ ಅನ್ನಿಸುತ್ತೆ, ಆದ್ರೆ ಸುಝಾನಾ ಅಮ್ಮನ ವಿಷ್ಯ ಹೇಳಿದ್ದನ್ನ ಕೇಳ್ದಾಗ ಅವಳು ಸುಳ್ಳು ಹೇಳ್ತಿದ್ದಾಳೆ ಅಂತ ಒಂದು ಕ್ಷಣಾನೂ ಅನ್ನಿಸ್ಲಿಲ್ಲ. ನಿನ್ನ ಹಿಯರಿಂಗ್‌ನಲ್ಲೂ ಎದುರು ಪಕ್ಷದೋರು ಅಂಥವಳೊಬ್ಬಳನ್ನ ಕರ್ಕೊಂಡು ಬಂದಿರ್ತಾರೆ, ರಾತ್ರಿ ಮನೆಗೆ ನುಗ್ಗಿದ ಗಂಡಸಿನಿಂದ ಗನ್ ಇದ್ದಿದ್ದಕ್ಕೇ ಬದುಕಿದೆ ಅನ್ನೋಳೋ, ಇಲ್ದೇ ಇದ್ದಿದ್ದಕ್ಕೆ ಅಣ್ಣನ್ನ ಕಳ್ಕೊಂಡೆ ಅನ್ನೋಳೋ. ನಿನ್ನ ಕಣ್ಣೀರಿನ ಎದುರಿಗೆ ಅವಳ ಕಣ್ಣೀರು. ಅಲ್ಲಿಗೆ ಸಮ ಆಯ್ತು. ಅದಕ್ಕೇ ಹೇಳೋದು, ಕಥೆಯೊಂದನ್ನೇ ನಂಬ್ಕೊಂಡು ಹೋಗ್ಬೇಡ. ಆ ಬಿಲ್‌ನಲ್ಲಿ ಏನಿದೆ, ಅದು ಮೊದಲೇ ಇದ್ದಿದ್ರೆ ಅವತ್ತು ಆ ಪಾರ್ಕಿಂಗ್‌ನಲ್ಲಿ ಏನು ಬೇರೆ ಆಗ್ತಿತ್ತು, ಅದು ಗೊತ್ತಿರ್ಬೇಕು ನಿಂಗೆ. ಏನೂ ಬೇರೆ ಆಗ್ತಿರ್ಲಿಲ್ಲ ಅನ್ನೋ ಹಾಗಿದ್ರೆ ಅದೂ ಗೊತ್ತಿರ್ಲಿ, ಯಾಕಂದ್ರೆ ಯಾರಾದ್ರೂ ಒಬ್ಬ ಮೆಂಬರ್ ಅದನ್ನೇ ಕೇಳ್ತಾನೆ.

ಟ್ರೈನಲ್ಲಿ ಕೊಂದವನು ಕ್ಯಾಲಿಫೋರ್ನಿಯಾದಲ್ಲಿ 15 ದಿನ ವೇಟಿಂಗ್ ಪೀರಿಯಡ್ ಮುಗಿಸಿ, ಕಾನೂನು ಪ್ರಕಾರವೇ ಗನ್ ತಗೊಂಡಿದ್ದ, ಗೊತ್ತಾ? ಕಾಯ್ಸೋದ್ರಿಂದ ಅವನು ನಿಲ್ಲಲಿಲ್ಲ. ಅವನನ್ನ ನಿಲ್ಲಿಸಿದ್ದು ಗುಂಡು ಖಾಲಿಯಾದ ಆ ಗಳಿಗೆ. ಮೆಕಾರ್ಥಿ ಅದಕ್ಕೇ ಮ್ಯಾಗಜೀನ್ ಲೆಕ್ಕಕ್ಕೆ ಅಷ್ಟು ಜೋತುಬಿದ್ದಿದ್ದು. ತನ್ನ ದುಃಖದ ಒಳಗೆ ಹೋಗಿ ಎಲ್ಲಿ ಏನು ಮಾಡಿದ್ರೆ ಎಷ್ಟು ಜನ ಉಳೀತಿದ್ರು ಅಂತ ನರ್ಸ್ ಬುದ್ಧಿಯಿಂದ ಲೆಕ್ಕ ಹಾಕಿದ ಹೆಂಗಸು ಅದು.

ಟೈಮ್ ಎಷ್ಟು ಹಿಡಿಯುತ್ತೆ ಅನ್ನೋದನ್ನೂ ಹೇಳ್ಬಿಡ್ತೀನಿ. 1981ರ ಮಾರ್ಚ್ 30ಕ್ಕೆ ಪ್ರೆಸಿಡೆಂಟ್ ರೇಗನ್ ಮೇಲೆ ವಾಷಿಂಗ್ಟನ್ ಹಿಲ್ಟನ್ ಹೋಟೆಲ್ ಹೊರಗೆ ಗುಂಡು ಹಾರಿಸಿದ್ರಲ್ಲ, ಅವತ್ತು ಪ್ರೆಸ್ ಸೆಕ್ರೆಟರಿ ಜಿಮ್ ಬ್ರೇಡಿಗೆ ತಲೆಗೆ ಬಿತ್ತು, ಜೀವಮಾನವಿಡೀ ವೀಲ್‌ಚೇರ್. ಹೆಂಡತಿ ಸಾರಾ, ಅವರೂ ಪಕ್ಕಾ ರಿಪಬ್ಲಿಕನ್. ಅವರು ತಕ್ಷಣ ಬೀದಿಗಿಳೀಲಿಲ್ಲ ಕಣೇ, ಗಂಡನ ಆರೈಕೇಲೇ ವರ್ಷಗಳು ಹೋದ್ವು. ಆಮೇಲೊಂದು ದಿನ ಪರಿಚಯದೋರ ಗಾಡೀಲಿ ಅವರ ಪುಟ್ಟ ಮಗ ಸೀಟಿನ ಮೇಲಿದ್ದ ಗನ್ನನ್ನ ಆಟದ್ದು ಅಂದ್ಕೊಂಡು ಕೈಗೆತ್ತಿಕೊಂಡ, ನೋಡಿದ್ರೆ ನಿಜವಾದ ಗನ್ನು, ಗುಂಡೂ ತುಂಬಿತ್ತು. ಅಲ್ಲಿಂದ ಅವರು ಎದ್ದಿದ್ದು. ಗನ್ ಕೊಳ್ಳೋರ ಹಿನ್ನೆಲೆ ಚೆಕ್ ಮಾಡ್ಬೇಕು ಅನ್ನೋ ಬ್ರೇಡಿ ಬಿಲ್ 1987ರಲ್ಲಿ ಕಾಂಗ್ರೆಸ್‌ಗೆ, ಅಂದ್ರೆ ಇಲ್ಲಿನ ಪಾರ್ಲಿಮೆಂಟ್‌ಗೆ ಬಂತು, ಸೋಲ್ತು, ಮತ್ತೆ ಬಂತು, ಮೇಲ್ಮನೆ ಸೆನೆಟ್‌ನಲ್ಲಿ ಸಿಕ್ಕಾಕ್ಕೊಂಡ್ತು. 1991ರಲ್ಲಿ ಸ್ವತಃ ರೇಗನ್, ಗನ್ ಪರ ಇರೋ ದೊಡ್ಡ ಸಂಘ ಎನ್‌ಆರ್‌ಎ ಮೆಂಬರ್ ಆಗಿದ್ದೋರು, ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಈ ಬಿಲ್ ಬೇಕು ಅಂತ ಬರೆದ್ರು. ಪ್ರೆಸಿಡೆಂಟ್ ಆಗಿದ್ದೋರು, ಗುಂಡು ತಿಂದೋರು ಬರೆದ್ರೂ ಪಾಸಾಗ್ಲಿಲ್ಲ. ಕೊನೆಗೆ ಕ್ಲಿಂಟನ್ ಸೈನ್ ಹಾಕಿದ್ದು 1993ರ ನವೆಂಬರ್ 30ಕ್ಕೆ. ಗುಂಡು ಬಿದ್ದು 12 ವರ್ಷ ದಾಟಿತ್ತು. ಆ ಸೈನ್ ಬಿದ್ದ ಸರಿಯಾಗಿ ಒಂದು ವಾರಕ್ಕೆ ನಮ್ಮ ಟ್ರೈನ್.

ಮೆಕಾರ್ಥಿಗೂ ಅಷ್ಟೇ. 2002ರಲ್ಲಿ ಲಾಂಗ್ ಐಲ್ಯಾಂಡ್‌ನ ಲಿನ್‌ಬ್ರುಕ್‌ನಲ್ಲಿ ಚರ್ಚ್ ಒಳಗೇ ಪಾದ್ರಿಯನ್ನೂ ಪ್ರಾರ್ಥನೆಗೆ ಬಂದಿದ್ದ ಒಬ್ಬ ಹೆಂಗಸನ್ನೂ ಕೊಂದ್ರು. ಗನ್ ಕೊಡಬಾರದವರ ರೆಕಾರ್ಡನ್ನ ರಾಜ್ಯಗಳು ಫೆಡರಲ್ ಅಂದ್ರೆ ಕೇಂದ್ರ ಸರ್ಕಾರದ ಕಂಪ್ಯೂಟರ್‌ಗೆ ಸರಿಯಾಗಿ ಕಳಿಸ್ಬೇಕು ಅಂತ ಅವರೊಂದು ಬಿಲ್ ತಂದ್ರು. ಕೇಳೋಕೇ ನಿದ್ದೆ ಬರೋ ಥರದ್ದು, ಡೇಟಾಬೇಸ್ ರಿಪೇರಿ. ಹೌಸ್ ಒಪ್ತು, ಸೆನೆಟ್ ಮುಟ್ಟಲಿಲ್ಲ. 2007ರ ಏಪ್ರಿಲ್‌ನಲ್ಲಿ ವರ್ಜೀನಿಯಾ ಟೆಕ್‌ನಲ್ಲಿ 32 ಜನ ಸತ್ತಾಗ ನೋಡಿದ್ರೆ, ಕೊಂದ ಹುಡುಗ ಅಪಾಯಕಾರಿ ಅಂತ ಕೋರ್ಟ್ ಮೊದಲೇ ಹೇಳಿತ್ತು, ಆ ವಿಷ್ಯ ಕಂಪ್ಯೂಟರ್‌ಗೆ ಹೋಗೇ ಇರ್ಲಿಲ್ಲ! ಆಗ ಎಲ್ರಿಗೂ ಈಯಮ್ಮನ ಬಿಲ್ ನೆನಪಾಯ್ತು, ಎನ್‌ಆರ್‌ಎ ಕೂಡ ಅಡ್ಡ ಬರ್ಲಿಲ್ಲ. 2008ರ ಜನವರಿಯಲ್ಲಿ ಸೈನ್ ಹಾಕಿದ್ದು ಯಾರು ಗೊತ್ತಾ, ಅಷ್ಟೊತ್ತಿಗೆ ಪ್ರೆಸಿಡೆಂಟ್ ಆಗಿದ್ದ ಅದೇ ಜಾರ್ಜ್ ಬುಷ್, ಸುಝಾನಾ ಕೇಳಿದ ಕಾನೂನಿಗೂ ಸೈನ್ ಹಾಕಿದ್ದ ಕೈ. ಮೆಕಾರ್ಥಿ 2025ರ ಜೂನ್‌ನಲ್ಲಿ ತೀರ್ಕೊಂಡ್ರು. ಪೇಪರ್‌ನಲ್ಲೆಲ್ಲಾ ಟ್ರೈನ್ ಕಥೆಯೇ ಬಂತು, ನಂಗೆ ಮಾತ್ರ ಆ ಡೇಟಾಬೇಸ್ ಬಿಲ್ಲೇ ಅವರ ದೊಡ್ಡ ಕೆಲಸ ಅನ್ನಿಸುತ್ತೆ.

ಅರಿಜೋನಾದ ಟೂಸಾನ್ ವಿಷ್ಯ ನಿಂಗೆ ಸ್ವಲ್ಪ ಗೊತ್ತಿರ್ಬೇಕು. 2011ರ ಜನವರಿ 8, ಶನಿವಾರ ಬೆಳಿಗ್ಗೆ ಸೇಫ್‌ವೇ ಅಂಗಡಿ ಮುಂದೆ ಮೇಜು ಹಾಕ್ಕೊಂಡು ಕಾಂಗ್ರೆಸ್‌ವುಮನ್ ಗ್ಯಾಬಿ ಗಿಫರ್ಡ್ಸ್ ಊರ ಜನರ ಮಾತು ಕೇಳ್ತಾ ನಿಂತಿದ್ರು. ಸಾಲಲ್ಲಿ ಒಂಬತ್ತು ವರ್ಷದ ಒಂದು ಮಗು ಇತ್ತು, ಕ್ರಿಸ್ಟಿನಾ ಟೇಲರ್ ಗ್ರೀನ್ ಅಂತ, 2001ರ ಸೆಪ್ಟೆಂಬರ್ 11ರಂದೇ ಹುಟ್ಟಿದ್ದು, ಸ್ಕೂಲ್ ಕೌನ್ಸಿಲ್‌ಗೆ ಹೊಸದಾಗಿ ಎಲೆಕ್ಟ್ ಆಗಿತ್ತು, ಕಾಂಗ್ರೆಸ್‌ವುಮನ್ ಹೇಗಿರ್ತಾರೆ ನೋಡೋಣ ಅಂತ ಪಕ್ಕದ ಮನೆಯೋರ ಜೊತೆ ಬಂದಿತ್ತು. ಒಬ್ಬ ಬಂದು ಗುಂಡು ಹಾರಿಸ್ದ, ಆ ಮಗೂನೂ ಸೇರಿ 6 ಜನ ಹೋದ್ರು. ಗ್ಯಾಬಿಗೆ ತಲೆಗೆ ಬಿತ್ತು. ಅಸಾಲ್ಟ್ ಬ್ಯಾನ್ 2004ರಲ್ಲೇ ಮುಗಿದುಹೋಗಿತ್ತು, ಅವನ ಮ್ಯಾಗಜೀನ್‌ನಲ್ಲಿ 30ಕ್ಕೂ ಹೆಚ್ಚು ಗುಂಡು. ಅಲ್ಲೂ ಅವನು ಸಿಕ್ಕಿದ್ದು ಮತ್ತೆ ತುಂಬಿಸ್ಕೊಳ್ಳೋಕೆ ಹೋದಾಗಲೇ, ಪೆಟ್ರೀಷಿಯಾ ಮೇಷ್ ಅನ್ನೋ 61 ವರ್ಷದ ಹೆಂಗಸು ಅವನ ಕೈಯಿಂದ ಮ್ಯಾಗಜೀನ್ ಕಿತ್ಕೊಂಡ್ರು. ನನ್ನ ವಯಸ್ಸಿನೋಳು ಕಣೇ!

ಗ್ಯಾಬಿಗೆ ಮಾತು ಹೋಗಿತ್ತು. ಅರ್ಥ ಎಲ್ಲಾ ಆಗುತ್ತೆ, ಪದ ಬಾಯಿಗೆ ಬರಲ್ಲ, ಹಾಡಿನ ರಾಗ ಹಿಡ್ಕೊಂಡು ಒಂದೊಂದೇ ಪದ ವಾಪಸ್ ಕಲ್ತ್ರು. ಭಾಷಣವೇ ಕಸುಬು ಆಗಿದ್ದ ಹೆಂಗಸು ಅದು. 2013ರ ಜನವರಿಯಲ್ಲಿ, ಸ್ಯಾಂಡಿ ಹುಕ್ ಸ್ಕೂಲಲ್ಲಿ 20 ಮಕ್ಕಳು ಸತ್ತ ಮುಂದಿನ ತಿಂಗಳು, ಸೆನೆಟ್ ಕಮಿಟಿ ಮುಂದೆ ಗೆರೆ ಕಾಗದದ ಮೇಲೆ ಬರೆಸ್ಕೊಂಡಿದ್ದನ್ನ ಓದಿದ್ರು. ತುಂಬಾ ಮಕ್ಕಳು ಸಾಯ್ತಿದ್ದಾರೆ, ತುಂಬಾ ಮಕ್ಕಳು, ನಾವು ಏನಾದ್ರೂ ಮಾಡ್ಲೇಬೇಕು, ಧೈರ್ಯ ಮಾಡಿ, ಅಮೆರಿಕ ನಿಮ್ಮನ್ನ ನಂಬಿದೆ. ಇಷ್ಟೇ. ಒಂದು ನಿಮಿಷಕ್ಕೆ ಸ್ವಲ್ಪ ಮೇಲಾಗಿರ್ಬೇಕು. ಅದಕ್ಕಿಂತ ಚೆನ್ನಾಗಿ ಯಾರೂ ಮಾತಾಡಿದ್ದು ನಾನು ನೋಡಿಲ್ಲ. ಏಪ್ರಿಲ್ 17ಕ್ಕೆ ಸೆನೆಟ್‌ನಲ್ಲಿ ಬ್ಯಾಕ್‌ಗ್ರೌಂಡ್ ಚೆಕ್ ವೋಟಿಗೆ ಬಂತು, 54 ಜನ ಹೂಂ ಅಂದ್ರು, 46 ಜನ ಊಹೂಂ. ಆದ್ರೆ ಅಲ್ಲಿನ ನಿಯಮದ ಪ್ರಕಾರ ಬೇಕಿದ್ದದ್ದು 60. ಬಿತ್ತು. ಮೇಲೆ ಗ್ಯಾಲರಿಯಿಂದ ಒಬ್ರು "ನಾಚಿಕೆ ಆಗ್ಬೇಕು ನಿಮಗೆ" ಅಂತ ಕೂಗಿದ್ರು, ಯಾರು ಅಂತ ನೋಡಿದ್ರೆ ಅದೇ ಪೆಟ್ರೀಷಿಯಾ ಮೇಷ್.

ಕೂಗಿದ್ದು ತಪ್ಪು ಅನ್ನಲ್ಲ, ಕೂಗೋ ಹಕ್ಕು ಅವರಿಗಲ್ದೆ ಇನ್ಯಾರಿಗಿದೆ. ಆದ್ರೆ ನೋಡು, ಇಷ್ಟು ಧೈರ್ಯ, ಇಷ್ಟು ನೋವು, ಇಷ್ಟು ಮಕ್ಕಳು, ಆದ್ರೂ ಆರು ವೋಟು ಕಮ್ಮಿ ಬಿತ್ತು. 2022ರಲ್ಲಿ ಟೆಕ್ಸಸ್‌ನ ಯುವಾಲ್ಡೀಲಿ 19 ಮಕ್ಕಳು ಇಬ್ಬರು ಟೀಚರ್‌ಗಳು ಹೋದ್ಮೇಲೆ ಒಂದು ತಿಂಗಳಲ್ಲಿ ಸೆನೆಟ್‌ನಲ್ಲಿ 65-33ಕ್ಕೆ ಒಂದು ಕಾನೂನು ಪಾಸಾಯ್ತಲ್ಲ, ಆಗ ಈ ಕಡೆ ಡೆಮಾಕ್ರಾಟ್ ಸೆನೆಟರ್ ಕ್ರಿಸ್ ಮರ್ಫಿ ಆ ಕಡೆ ರಿಪಬ್ಲಿಕನ್ ಸೆನೆಟರ್ ಜಾನ್ ಕಾರ್ನಿನ್ ಕೂತ್ಕೊಂಡು, ಯಾವುದನ್ನ ಬಿಟ್ರೆ ಎಷ್ಟು ವೋಟ್ ಬರುತ್ತೆ ಅಂತ ತರಕಾರಿ ಅಂಗಡೀಲಿ ಚೌಕಾಸಿ ಮಾಡ್ದಂಗೆ ಮಾಡಿದ್ರು. ನೋಡೋಕೆ ಚೆನ್ನಾಗಿರಲ್ಲ. ಅಸಾಲ್ಟ್ ಗನ್ ಬ್ಯಾನ್ ಬಿಟ್ರು, ಎಲ್ರಿಗೂ ಚೆಕ್ ಅನ್ನೋದನ್ನ ಬಿಟ್ರು, 21ರೊಳಗಿನೋರಿಗೆ ಜಾಸ್ತಿ ಚೆಕ್ ಅನ್ನೋದನ್ನ ಉಳಿಸ್ಕೊಂಡ್ರು. ಆ ಹೊತ್ತಿಗೆ ಮಗನ್ನ ಕಳ್ಕೊಂಡು ಕಾಂಗ್ರೆಸ್‌ಗೆ ಬಂದ ಲೂಸಿ ಮೆಕ್‌ಬಾತ್ ಅಂಥೋರೂ ಹೌಸ್‌ನಲ್ಲಿ ಕೂತಿದ್ರು. ಜಾರ್ಜಿಯಾದೋರು, ಏರ್‌ಲೈನ್ಸ್‌ನಲ್ಲಿ ಫ್ಲೈಟ್ ಅಟೆಂಡೆಂಟ್ ಆಗಿದ್ರು, 17 ವರ್ಷದ ಮಗ ಜೋರ್ಡನ್‌ನನ್ನ 2012ರಲ್ಲಿ ಫ್ಲೋರಿಡಾದ ಪೆಟ್ರೋಲ್ ಬಂಕ್‌ನಲ್ಲಿ ಕಾರಿನ ಮ್ಯೂಸಿಕ್ ಜೋರಾಯ್ತು ಅಂತ ಒಬ್ಬ ಕೊಂದ. ಅರ್ಧಂಬರ್ಧ ಕಾನೂನು ಅಂತ ಗೊತ್ತಿದ್ದೂ ಅವರು ಹೂಂ ಅಂತ ವೋಟ್ ಹಾಕಿದ್ರು. ಅದಕ್ಕೆ ಎಂಥ ಎದೆ ಬೇಕು ಯೋಚ್ನೆ ಮಾಡು.

ನಮ್ಮೋರ ಮಾತೂ ಒಂದು ಹೇಳ್ಬಿಡ್ತೀನಿ. ವಿವೇಕ್ ಮೂರ್ತಿ, ನಮ್ಮ ಮಂಡ್ಯದ ಹಲ್ಲೆಗೆರೆ ಕಡೆಯೋರು, ಸರ್ಜನ್ ಜನರಲ್, ಅಂದ್ರೆ ಜನರ ಆರೋಗ್ಯದ ವಿಷ್ಯಕ್ಕೆ ಸರ್ಕಾರದ ದೊಡ್ಡ ಡಾಕ್ಟರ್, ಆದಾಗ ಇಲ್ಲಿ ಕನ್ನಡದೋರಿಗೆಲ್ಲಾ ಹಬ್ಬ. ಆದ್ರೆ ಆಗೋ ಮುಂಚೆ ಒಂದು ವರ್ಷಕ್ಕೂ ಮೇಲೆ ಅವರ ಹೆಸರು ಸೆನೆಟ್‌ನಲ್ಲಿ ಕೊಳೀತಾ ಇತ್ತು, ಕಾರಣ 2012ರಲ್ಲಿ ಗನ್ ಅನ್ನೋದು ಹೆಲ್ತ್ ಕೇರ್ ವಿಷ್ಯ ಅಂತ ಹಾಕಿದ್ದ ಒಂದು ಟ್ವೀಟ್. 2014ರ ಡಿಸೆಂಬರ್‌ನಲ್ಲಿ 51-43ಕ್ಕೆ ಹೆಂಗೋ ಪಾಸಾಯ್ತು. ಹತ್ತು ವರ್ಷ ಬಿಟ್ಟು 2024ರ ಜೂನ್‌ನಲ್ಲಿ ಅದೇ ಮಾತನ್ನ ಸರ್ಕಾರಿ ಕಾಗದದ ಮೇಲೆ, ಸರ್ಜನ್ ಜನರಲ್ ಅಡ್ವೈಸರಿ ಅಂತಾನೇ ಹೊರಡಿಸಿದ್ರು. ಮನುಷ್ಯ ಮೆತ್ತಗೆ ಮಾತಾಡ್ತಾರೆ, ಆದ್ರೆ ಮಾತು ಬದಲಾಯಿಸ್ಲಿಲ್ಲ ನೋಡು. ನಿನ್ನ ಎರಡು ನಿಮಿಷದ ವಿಡಿಯೋನೂ ಇಂಟರ್‌ನೆಟ್‌ನಲ್ಲಿ ಹಾಗೇ ಕೂತಿರುತ್ತೆ, ಮುಂದೆ ಯಾವ ಕಂಪನಿ ಇಂಟರ್‌ವ್ಯೂಗೆ ಹೋದ್ರೂ ಅವರ ಕಣ್ಣಿಗೆ ಬೀಳಬಹುದು, ಹತ್ತು ವರ್ಷ ಆದ್ಮೇಲೂ ನಂದೇ ಅಂತ ಹೇಳ್ಕೊಳ್ಳೋ ಮಾತನ್ನಷ್ಟೇ ಆಡು.

ಮೆರವಣಿಗೆ ಅಂದ್ಯಲ್ಲ, ಆ ಮಾತು ನನ್ನ ಬಿಡ್ತಾ ಇಲ್ಲ. 1955ರಲ್ಲಿ ಮಿಸ್ಸಿಸ್ಸಿಪ್ಪಿಯಲ್ಲಿ ಎಮೆಟ್ ಟಿಲ್ ಅನ್ನೋ 14 ವರ್ಷದ ಕಪ್ಪು ಹುಡುಗನ್ನ ಹೊಡೆದು ಕೊಂದು ನದೀಗೆ ಎಸೆದಿದ್ರು. ಶಿಕಾಗೋಗೆ ಹೆಣ ಬಂದಾಗ ಪೆಟ್ಟಿಗೆ ಮುಚ್ಚೇ ಮಣ್ಣು ಮಾಡಿ ಅಂದ್ರು. ಅಮ್ಮ ಮೇಮಿ ಟಿಲ್ ಒಪ್ಪಲಿಲ್ಲ, ನನ್ನ ಮಗನಿಗೆ ಏನು ಮಾಡಿದ್ದಾರೆ ಎಲ್ರೂ ನೋಡ್ಲಿ ಅಂತ ಪೆಟ್ಟಿಗೆ ತೆಗೆಸಿ ಇಟ್ರು, ಜೆಟ್ ಮ್ಯಾಗಜೀನ್‌ನಲ್ಲಿ ಫೋಟೋ ಬಂತು, ದೇಶಾನೇ ಅಲ್ಲಾಡ್ತು. ಅವನ ಹೆಸರಲ್ಲಿ ಲಿಂಚಿಂಗ್ ವಿರುದ್ಧ ಫೆಡರಲ್ ಕಾನೂನು ಬಂದಿದ್ದು 2022ಕ್ಕೆ, ಅಷ್ಟೊತ್ತಿಗೆ ಆ ತಾಯಿ ಹೋಗಿ ಸುಮಾರು 20 ವರ್ಷ ಆಗಿತ್ತು. ನಾನು ಹೇಳ್ತಿರೋದು ಏನಂದ್ರೆ, ಏನು ತೋರಿಸ್ಬೇಕು ಏನು ಮುಚ್ಚಿಡ್ಬೇಕು ಅನ್ನೋದನ್ನ ಅಲ್ಲಿ ಅಮ್ಮ ತೀರ್ಮಾನ ಮಾಡಿದ್ದು, ಪತ್ರಿಕೆಯೋರೂ ಅಲ್ಲ ಪಾರ್ಟಿಯೋರೂ ಅಲ್ಲ. ನಿಮ್ಮ ವಿಷ್ಯದಲ್ಲೂ ಆ ಹಕ್ಕು ಅವಳಮ್ಮನದ್ದು. ಹೋಗೋ ಮುಂಚೆ ಅವರ ಹತ್ರ ಕೂತು ಯಾವ್ದು ಹೇಳ್ಲಿ ಯಾವ್ದು ಬೇಡ ಅಂತ ಬಾಯಿಬಿಟ್ಟು ಕೇಳು. ಕೊನೇ ಫೋನ್ ಕಾಲ್ ವಿಷ್ಯ ಇದೆಯಲ್ಲ, ನೀನು ನಂಗೆ ಹೇಳಿದ್ದು, ಅದನ್ನ ಅಲ್ಲಿ ಹೇಳ್ಬೇಡ ಅಂತ ನನ್ನ ಸಲಹೆ, ಅದು ನಿಮ್ಮಿಬ್ಬರದ್ದು.

ಕ್ಯಾಂಪೇನ್ ಮಾಡೋ ಹುಡುಗ್ರು ಬಂದು ನಿನ್ನ ಮಾತನ್ನ ತಿದ್ದಿ ಕೊಡ್ತಾರೆ. ಒಳ್ಳೇ ಮಕ್ಕಳೇ ಇರ್ತಾರೆ, ಕೆಲಸ ಗೊತ್ತಿರುತ್ತೆ, ಬಿಲ್ ನಂಬರ್ ಎಲ್ಲಿ ಹೇಳ್ಬೇಕು, "ಸಪೋರ್ಟ್" ಅನ್ನೋ ಪದ ಮೊದಲೇ ಹೇಗೆ ಬರ್ಬೇಕು ಎಲ್ಲಾ ಹೇಳ್ಕೊಡ್ತಾರೆ, ಕಲ್ತ್ಕೋ. ಆದ್ರೆ ನಿನ್ನ ಬಾಯಲ್ಲಿ ಬರ್ದೇ ಇರೋ ಸಾಲನ್ನ ಓದ್ಬೇಡ. ಅವಳು ಹೀಗಿದ್ಲು ಹಾಗಿದ್ಲು ಅಂತ ದೇವತೆ ಮಾಡೋದೂ ಬೇಡ, ಅವಳು ಬಾಡಿಗೆ ಲೇಟ್ ಮಾಡ್ತಿದ್ಲು, ನಿನ್ನ ಉಪ್ಪಿನಕಾಯಿ ಡಬ್ಬ ಖಾಲಿ ಮಾಡ್ತಿದ್ಲು ಅಂತ ನೀನೇ ನಗ್ತಾ ಹೇಳ್ತಿದ್ದೆ, ಅಂಥದ್ದೊಂದು ಇದ್ರೆ ಸಾಕು, ಕೇಳೋರಿಗೆ ಮನುಷ್ಯಳು ಕಾಣ್ತಾಳೆ.

ಇನ್ನು, ಈಗ ಆಗಲ್ಲ ಅನ್ನಿಸಿದ್ರೆ ಆಗಲ್ಲ ಅಂದ್ಬಿಡು, ಅದು ಹೇಡಿತನ ಅಲ್ಲ. ಮೇರಿಲ್ಯಾಂಡ್‌ನ ಕಾಂಗ್ರೆಸ್‌ಮನ್ ಜೇಮಿ ರಾಸ್ಕಿನ್ 25 ವರ್ಷದ ಮಗನ್ನ 2020ರ ಡಿಸೆಂಬರ್ 31ಕ್ಕೆ ಕಳ್ಕೊಂಡ್ರು, ಡಿಪ್ರೆಷನ್. ಜನವರಿ 5ಕ್ಕೆ ಮಣ್ಣು, 6ಕ್ಕೆ ಟ್ರಂಪ್ ಕಡೆಯೋರು ವಾಷಿಂಗ್ಟನ್‌ನ ಕ್ಯಾಪಿಟಲ್‌ಗೆ ನುಗ್ಗಿ ಗಲಾಟೆ ಮಾಡ್ದಾಗ ಒಳಗಿದ್ರು, ಅಪ್ಪನ್ನ ಒಬ್ಬನ್ನೇ ಬಿಡಬಾರ್ದು ಅಂತ ಜೊತೆಗೆ ಬಂದಿದ್ದ ಮಗಳು ಒಂದು ರೂಮಲ್ಲಿ ಬಚ್ಚಿಟ್ಕೊಂಡಿದ್ಲು, ಮುಂದಿನ ತಿಂಗಳು ಟ್ರಂಪ್ ಮೇಲಿನ ಇಂಪೀಚ್‌ಮೆಂಟ್ ವಾದ ಅವರೇ ಮಾಡಿದ್ರು. ಅವರಿಗೆ ಕೆಲಸವೇ ಊರುಗೋಲು. ಸಾರಾ ಬ್ರೇಡಿಗೆ ವರ್ಷಗಳು ಬೇಕಾದ್ವು. ಇಬ್ಬರಲ್ಲಿ ಯಾರು ಹೆಚ್ಚು ಧೈರ್ಯಸ್ಥರು ಅಂತ ನನ್ನ ಕೇಳ್ಬೇಡ. ರಾತ್ರಿ ನಿದ್ದೆ ಬರ್ತಾ ಇಲ್ಲ ಅಂದಿದ್ಯಲ್ಲ, ಮೊದಲು ಡಾಕ್ಟರ್ ಹತ್ರ ಹೋಗು, ಕೌನ್ಸೆಲಿಂಗ್ ಅಂದ್ರೆ ಮುಖ ಸಿಂಡರಿಸೋ ಕಾಲ ನಿಮ್ಮಪ್ಪಂದು, ನಿಂದಲ್ಲ. ಬರೆದು ಕಳಿಸೋ ಸಾಕ್ಷ್ಯನೂ ನಡೆಯುತ್ತೆ ಎಷ್ಟೋ ಕಡೆ, ನಿಮ್ಮ ಕಮಿಟಿ ಕ್ಲರ್ಕ್‌ಗೆ ಫೋನ್ ಮಾಡಿ ಕೇಳು.

ಹೋಗ್ತೀನಿ ಅಂತಾದ್ರೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕ್ಕೊಂಡು ಹೋಗು, ಫೋನ್ ನೋಡಿ ಓದ್ಬೇಡ, ಕೈ ನಡುಗಿದ್ರೆ ಸ್ಕ್ರೀನ್ ಎಲ್ಲೆಲ್ಲೋ ಹೋಗುತ್ತೆ. ನಿನ್ನ ಸರದಿ ಬರೋದು ಬೆಳಿಗ್ಗೆ ಅಂದ್ರೆ ಸಂಜೆ ಅಂತ ತಿಳ್ಕೋ, ಚಪಾತಿ ಪಲ್ಯ ಕಟ್ಕೊಂಡು ಹೋಗು. ನೀನು ಮಾತಾಡ್ತಿರುವಾಗ ಒಬ್ಬ ಮೆಂಬರ್ ಫೋನ್ ನೋಡ್ತಿರ್ತಾನೆ, ಇನ್ನೊಬ್ಬ ಎದ್ದು ಹೋಗ್ತಾನೆ, ಅವರಿಗೆ ಬೇರೆ ಕಮಿಟಿನೂ ಇರುತ್ತೆ, ಅವಮಾನ ಅಂದ್ಕೋಬೇಡ. ಎದುರು ಕಡೆ ಹೆಂಗಸು ಮಾತಾಡುವಾಗ ತಲೆ ತಗ್ಗಿಸ್ಬೇಡ, ಅವಳ ಮುಖ ನೋಡಿ ಪೂರ್ತಿ ಕೇಳು, ಹೊರಗೆ ಕಾರಿಡಾರ್‌ನಲ್ಲಿ ಸಿಕ್ಕಿದ್ರೆ ನಿಮ್ಮೋರು ಹೋಗಿದ್ದಕ್ಕೆ ನಂಗೂ ಬೇಜಾರಾಯ್ತು ಅಂತ ಹೇಳು. ಆಮೇಲೆ ಕಮಿಟೀಲಿ ವೋಟ್ ಯಾವತ್ತು ಅಂತ ಕೇಳ್ಕೊಂಡು ಬಾ, ಅವತ್ತೂ ಹೋಗು. ಹಿಯರಿಂಗ್ ದಿನ ಕ್ಯಾಮೆರಾ ಇರುತ್ತೆ, ವೋಟ್ ದಿನ ಯಾರೂ ಇರಲ್ಲ. ಯಾರು ಹೂಂ ಅಂದ್ರು ಯಾರು ಊಹೂಂ ಅಂದ್ರು ಬರ್ಕೊಂಡು, ಊಹೂಂ ಅಂದೋರಿಗೂ ಒಂದು ಕಾಗದ ಹಾಕು, ನನ್ನ ಮಾತು ಕೇಳಿದ್ದಕ್ಕೆ ಥ್ಯಾಂಕ್ಸ್, ನಿಮಗೆ ಬಿಲ್‌ನಲ್ಲಿ ಯಾವ್ದು ಒಪ್ಪಿಗೆ ಆಗ್ಲಿಲ್ಲ ಹೇಳ್ತೀರಾ ಅಂತ. ಈ ಸೆಷನ್‌ನಲ್ಲಿ ಬಿದ್ದುಹೋದ ಬಿಲ್ ಮುಂದಿನ ಸೆಷನ್‌ಗೆ ಮತ್ತೆ ಬರಬಹುದು, ಆಗ ಆ ಕಾಗದ ಕೆಲಸಕ್ಕೆ ಬರುತ್ತೆ.

ಬರೆದಿದ್ದನ್ನ ಭಾನುವಾರ ಫೋನ್ ಮಾಡಿ ಓದು, ನಾನು ಮೈಕ್ರೋವೇವ್ ಟೈಮರ್ ಎರಡು ನಿಮಿಷಕ್ಕೆ ಇಟ್ಕೊಂಡು ಕೂತಿರ್ತೀನಿ, ಅದು ಕೂಗಿದ್ರೆ ನಿನ್ನ ಮಾತು ನಿಲ್ಲಿಸ್ತೀನಿ, ಅಲ್ಲೂ ಹಾಗೇ ಮಾಡ್ತಾರೆ. ಅಲ್ಲಿಗೆ ಜೊತೆ ಬೇಕು ಅಂದ್ರೆ ಹೇಳು, ರಿಟೈರ್ ಆಗಿರೋಳು, ಟಿಕೆಟ್ ಬುಕ್ ಮಾಡಿ ಬರ್ತೀನಿ. ನಿಮ್ಮಪ್ಪನಿಗೆ ಮಾತ್ರ ಮೊದಲೇ ಹೇಳ್ಬಿಡು ಕಣೇ, ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ವಿಡಿಯೋ ನೋಡಿ ಗೊತ್ತಾಗೋದು ಬೇಡ, ಕೂಗಾಡ್ತಾನೆ, ಕೂಗಾಡ್ಲಿ, ಆಮೇಲೆ ನಂಗೆ ಫೋನ್ ಕೊಡು.

ಇಂತಿ ನಿನ್ನ
ಅತ್ತೆ